ಇನ್ನೂರ ನಲವತ್ತನೇ ಸಾಲು

ಮೊನ್ನೆ ಮೆಟ್ರೊದಲ್ಲಿ ಕುಳಿತು ಫೋನಿನಿಂದ ಮಸುಕಾದ ಫೋಟೊ ಒಂದನ್ನು ಅಳಿಸಲು ಹೋದೆ. ಖಂಡಿತ ಅಳಿಸಲೇ ಎಂದು ಕೇಳಿತು. ಹೌದೆಂದ ಮೇಲೂ ಇರಲಿ, ಕೆಲವು ದಿನ ಕಾದಿಡುತ್ತೇನೆ ಎಂದಿತು. ಇಷ್ಟು ಕಾಳಜಿ ನನ್ನ ಮೇಲೆ ಮನೆಯವರಿಗೂ ಇಲ್ಲ. ನಾನು ಹಿಂದೆ ಕೈಯಾಡಿಸಿದ, ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ಇಂಟರ್‌ಪ್ರಿಟರ್ ಹೀಗೆ ಕೇಳುತ್ತಿರಲಿಲ್ಲ. ಕೇಳಿದ್ದರೆ ವೈನಿಯ ಮುಂದೆ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬೇಕಾಗಿರಲಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಆಗ ಅಣ್ಣನಿಗೆ ಕೆಲಸ, ಸಿಕಂದರಾಬಾದಿನಲ್ಲಿ ಮನೆ. ಅಲ್ಲಿದ್ದುಕೊಂಡು ನಾನು ಇಂಜಿನಿಯರಿಂಗ್ ಓದುತ್ತಿದ್ದೆ. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಹೊರಟಿದ್ದ ಕಾಲ. ಖಾಲಿ ಗೋಡೆ ಕಂಡಲ್ಲೆಲ್ಲ ತರಬೇತಿ ಕೇಂದ್ರದ ಜಾಹೀರಾತು. ವಿಜಯಪುರದಲ್ಲಿ ಗಣಿತ ಓದಿ ಬಂದು ಅಡುಗೆಮನೆ ಸೇರಿದ್ದ ವೈನಿ, ಅಣ್ಣ ತಂದಿದ್ದ ಹಳೇ ಯಂತ್ರದಲ್ಲಿ ತಾವೇ ಬೇಸಿಕ್ ಕಲಿತರು.

ಕಾಚಿಗೂಡದ ಒಂದು ಕೇಂದ್ರಕ್ಕೆ ಮಕ್ಕಳಿಗೆ ಕಲಿಸುವವರು ಬೇಕಾಗಿತ್ತು. ಮಾಲೀಕರೆದುರು ಏನಾದರೂ ಮಾಡಿ ತೋರಿಸಬೇಕು. ವೈನಿ ಮಗ್ಗಿ ಕೇಳುವ ಪ್ರೋಗ್ರಾಂ ಬರೆದರು. ಉತ್ತರ ಸರಿಯಾದರೆ ಅದು ಇನ್ನೂರ ನಲವತ್ತನೇ ಸಾಲಿಗೆ ಹಾರಿ ಶಾಬಾಸ್ ಎನ್ನಬೇಕು.

ನಾನೋ, ಸಿ ಭಾಷೆ ಓದುತ್ತಿದ್ದ ಪಂಡಿತ. ಅದನ್ನು ತೋರಿಸಬೇಕಾದ ಹಿಂದಿನ ದಿನ ವೈನಿ ಸಂತೆಗೆ ಹೋದಾಗ ತಪ್ಪು ಹುಡುಕಲು ಕುಳಿತೆ. ಆ ಸಾಲನ್ನು ನೋಡೋಣವೆಂದು 240 ಒತ್ತಿ ಎಂಟರ್ ಹೊಡೆದೆ. ಏನೂ ಕಾಣಲಿಲ್ಲ. ಬೇಸಿಕ್‌ನಲ್ಲಿ ಬರೀ ಸಂಖ್ಯೆ ಕೊಟ್ಟರೆ ಆ ಸಾಲನ್ನು ತೆಗೆದುಹಾಕು ಎಂದು ಹೇಳಿದಂತೆ. ಪಂಡಿತರಿಗೆ ಅದು ಗೊತ್ತಿರಲಿಲ್ಲ. ಶಿಸ್ತಾಗಿ ಫ್ಲಾಪಿಯಲ್ಲಿ ಉಳಿಸಿ ಎದ್ದೆ.

ಇಂಟರ್‌ಪ್ರಿಟರ್ ಒಂದೊಂದೇ ಸಾಲು ಓದಿ, ಓದಿದಷ್ಟನ್ನು ಮಾಡುತ್ತ ಹೋಗುತ್ತದೆ. ಮುಂದೆ ಹೊಂಡವಿದೆಯೇ ಎಂದು ಇಣುಕುವುದಿಲ್ಲ. ಮರುದಿನ ಕೇಂದ್ರದಲ್ಲಿ ಮಾಲೀಕರು ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ ಸರಿಯಾಗಿಯೇ ಗದರಿಸಿತು. ಆಮೇಲೆ ಏಳೆಂಟ್ಲೆ ಐವತ್ತಾರು ಎಂದು ಒತ್ತಿದರು. ಹೋಗಬೇಕಾದ ಸಾಲೇ ಇಲ್ಲವೆಂದು ದೂರಿ ನಿಂತಿತು.

"ಏಮೈಂದಮ್ಮಾ?" ಏನಾಯಿತೆಂದು ಮಾಲೀಕರು ತೆಲುಗಿನಲ್ಲಿ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ನನಗೆ ನಿನ್ನೆ 240 ಒತ್ತಿದ್ದು ನೆನಪಾಗಿ, ಸಾಲು ಅಳಿಸಿದವನು ನಾನೇ ಎಂದು ಹೊಳೆಯಿತು. ವೈನಿ ಕ್ಷಮೆ ಕೇಳಿ, ಅಲ್ಲೇ ಸಾಲು ಸೇರಿಸಿ ಓಡಿಸಿ ತೋರಿಸಿದರು. ಕೆಲಸ ಸಿಕ್ಕಿತು. ಸಿಕ್ಕಿತಲ್ಲ, ಇನ್ನೇಕೆ ಹೇಳುವುದು ಎಂದು ಸುಮ್ಮನಾದೆ. ಬಸ್ಸಿನಲ್ಲಿ ವೈನಿ, "ಬರದೀನಿ ಅಂತ ತಿಳ್ಕೊಂಡಿದ್ದೆ ನೋಡು. ಎಷ್ಟ್ ಮರವು ನನಗ!" ಎಂದರು.

ಎರಡು ವರ್ಷದ ಮೇಲೆ ಕೇಂದ್ರದವರು ದೊಡ್ಡವರ ತರಗತಿ ತೆಗೆದುಕೊಳ್ಳಿ ಎಂದು ಕರೆದರು. ವೈನಿ ಒಲ್ಲೆ ಎಂದರು. "ಮಕ್ಕಳ ಮುಂದ ಮರತ್ರ ನಗ್ತಾವ, ಹೋಗ್ಲಿ. ದೊಡ್ಡವರ ಮುಂದ ಹೆಂಗ ನಿಲ್ಲಲಿ?"

ಅಣ್ಣ, "ಖರೆ ಐತಿ. ಇಕೀಗೆ ಒಲಿ ಮ್ಯಾಲ ಹಾಲು ಇಟ್ಟಿದ್ದೂ ನೆನಪಿರೂದಿಲ್ಲ" ಎಂದು ನಕ್ಕ. ನಾನೂ ನಕ್ಕೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ಮೊನ್ನೆ ಮಿಯಾಪುರದ ನನ್ನ ಮನೆಗೆ ಹೋಗದೆ ಸಿಕಂದರಾಬಾದಿಗೆ ಹೋದೆ. ವೈನಿ ಮೆಂತ್ಯ ಸೋಸುತ್ತಿದ್ದರು. ಎಲ್ಲ ಹೇಳಿದೆ. ಅವರ ಕೈ ನಿಂತಿತು.

"ಹಂಗಂದ್ರ ನಾ ಬರದಿದ್ದೆ?"

"ಬರದಿದ್ರಿ ವೈನಿ. ಅಳಿಸಿದಾಂವ ನಾನು."

ಬೈಯುತ್ತಾರೆಂದು ಕಾದೆ. ಅವರು ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕಿಟ್ಟು, "ನಿಮ್ಮಣ್ಣ ಆರಕ್ಕ ಬರ್ತಾರ. ಕೂಡು. ಅವರ ಮುಂದ ಇನ್ನೊಮ್ಮಿ ಹೇಳು" ಎಂದರು.

ಗಂಟೆ ಇನ್ನೂ ನಾಲ್ಕಾಗಿರಲಿಲ್ಲ. ಕುಳಿತೆ.