ತೊಟ್ಟಿಗೆ ಬಳಿದ ಸಾಬೂನು

ನಿಜಾಮರ ಕಾಲದಲ್ಲಿ ನಾನು ಮಕ್ತಲಿಗೆ ಸೊಸೆಯಾಗಿ ಬಂದಾಗ, ಮನೆಯ ಕಾಂಕ್ರೀಟಿನ ನೀರಿನ ತೊಟ್ಟಿ ಹೊಸದಾದರೂ ನೀರು ಜಿನುಗಿ ಜಿನುಗಿ ಅದರ ಹೊರಮೈ ಉದುರತೊಡಗಿತ್ತು. ಒಳಗೋಡೆಗೆ ಬಿಸಿ ಸಾಬೂನು ನೀರು, ಅದು ಒಣಗಿದ ಮೇಲೆ ಪಟಿಕದ ನೀರು ಬಳಿದರೆ ಗೋಡೆ ನೀರು ಹೀರುವುದಿಲ್ಲ ಎಂದ ಹೈದರಾಬಾದಿನ ಮೇಸ್ತ್ರಿ.

ಅತ್ತೆಗೆ ಅನುಮಾನ ಬಂತು. “ಸಾಬೂನಿನಾಗ ಏನೈತಿ?”

“ಎಣ್ಣಿ ಐತ್ರೀ, ಅಮ್ಮಾ.”

“ಎಣ್ಣೀನೋ, ದನದ ಕೊಬ್ಬೋ?”

ಮೇಸ್ತ್ರಿ ಸಾಬೂನಿನ ತುಂಡನ್ನು ಮೂಸಿ ನೋಡಿದ. ಲಿಂಗ ಕಟ್ಟಿದವರು ಆ ನೀರು ಕುಡಿಯುವುದು ಹೇಗೆ? ಅತ್ತೆ ಅವನ ಸಾಬೂನನ್ನು ಹೊರಗಿಡಿಸಿ, ಔಡಲೆಣ್ಣೆಯಿಂದ ತಾವೇ ಸಾಬೂನು ಕಾಯಿಸಿದರು. ಬಳಿದು ಮುಗಿಯುವವರೆಗೂ ಬಕೆಟ್ಟಿನ ಪಕ್ಕದಿಂದ ಏಳಲಿಲ್ಲ.

ತೊಳೆದು ತುಂಬಿಸಿದಾಗ ತೊಟ್ಟಿಯ ಹೊರಮೈ ಒಣಗಿಯೇ ಉಳಿಯಿತು. ನಾನು ಖುಷಿಯಿಂದ ಚೊಂಬು ಎತ್ತಿದೆ. ಅತ್ತೆ ಕೈ ಹಿಡಿದರು.

“ಮೊದಲ ಅವ ಕುಡೀಲಿ, ಹೊಟ್ಟಿಗೆ ಏನೂ ಆಗಂಗಿಲ್ಲಂತ ಗೊತ್ತಾಗಲಿ.”

ಮೇಸ್ತ್ರಿ ಗಟಗಟ ಕುಡಿದ ಮೇಲೆಯೇ ನಮಗೆ ಅಪ್ಪಣೆ ಸಿಕ್ಕಿದ್ದು.