ಮಾಲೀಕರನ್ನು ಚಹಾಕ್ಕೆ ಕರೆಸಿದ್ದು

ಕೊಲ್ಲಿ ನಾಡಿನ ಸಾಲ್ಮಿಯಾದ ಸಮಸ್ತ ಬಾಡಿಗೆದಾರರೇ, ಮಾಲೀಕ ಮಹಾಪ್ರಭುಗಳೇ, ಕಟ್ಟಡದ ಆಫೀಸಿನಲ್ಲಿ ಕುಳಿತು ನಿಮ್ಮಿಬ್ಬರ ಮಾತು ದಾಟಿಸುವ ಈ ರಾಜದೂತನ ಇಂದಿನ ವರದಿಯನ್ನು ಎದ್ದು ನಿಂತು ಓದತಕ್ಕದ್ದು.

ಮೂರನೇ ಮಹಡಿಯ ಶಶಿಕಲಕ್ಕನ ಏಸಿ ನಾಲ್ಕು ದಿನದಿಂದ ಬಿಸಿಗಾಳಿ ಊದುತ್ತಿತ್ತು. ಬೆಳಿಗ್ಗೆ ಫೋನಿನಲ್ಲಿ ಅಬ್ಬರಿಸಿದರು: "ನಾಳೆ ನನ್ನ ಅತ್ತೆ ಊರಿಂದ ಬರ್ತಾರೆ ಮಾರಾಯ. ಆ ನಿನ್ನ ಧಣಿಯನ್ನು ತಂದು ಇಲ್ಲಿ ಹತ್ತು ನಿಮಿಷ ಕೂರಿಸು, ಬೇಯಲಿ."

ನಾನು ಮಾಲೀಕರಿಗೆ ಅರಬಿಯಲ್ಲಿ ವಿನಯದಿಂದ ದಾಟಿಸಿದೆ: "ಮೂರನೇ ಮಹಡಿಯವರು ತಮ್ಮನ್ನು ಚಹಾಕ್ಕೆ ಕರೆದಿದ್ದಾರೆ."

ಪುಣ್ಯಾತ್ಮರು ಸಂಜೆ ಖರ್ಜೂರದ ಡಬ್ಬಿ ಹಿಡಿದು ಬಂದೇಬಿಟ್ಟರು. ಅಕ್ಕ ಕಕ್ಕಾಬಿಕ್ಕಿಯಾಗಿ ಚಹಾಕ್ಕಿಟ್ಟರು. ಎರಡು ಗುಟುಕಿಗೆ ಮಾಲೀಕರ ಬಿಳಿ ನಿಲುವಂಗಿ ಬೆನ್ನಿಗೆ ಅಂಟಿತು. ಏಸಿ ನೋಡಿದರು, ನನ್ನನ್ನು ನೋಡಿದರು, ಅರಬಿಯಲ್ಲಿ ಏನೋ ಕೇಳಿದರು.

"ಏನಂತೆ ಧಣಿಗೆ?" ಎಂದರು ಅಕ್ಕ.

"ಚಹಾ ಭಾರೀ ಲಾಯ್ಕುಂಟಂತೆ."

ಮಾಲೀಕರು ಕೂತಲ್ಲಿಂದಲೇ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ "ಯಲ್ಲಾ, ಹೊರಡು, ಈಗಲೇ" ಎಂದರು. ಏಳು ಗಂಟೆಗೆ ಮನೆಯೆಲ್ಲ ತಂಪು. ಅಕ್ಕ ನನ್ನ ಕೈತುಂಬ ಖರ್ಜೂರ ಸುರಿದು, "ನೀನಿಲ್ಲದಿದ್ರೆ ನಮ್ಮ ಗತಿ ಏನು ಮಾರಾಯ" ಎಂದರು.

ಸಣ್ಣದೊಂದು ತಪ್ಪೊಪ್ಪಿಗೆ. ಮಾಲೀಕರು ಕೇಳಿದ್ದು, "ಇದನ್ನು ನನಗೆ ಮೊದಲೇ ಯಾಕೆ ತಿಳಿಸಲಿಲ್ಲ?" ಎಂದು. ಅಕ್ಕನ ಮೊದಲ ದಿನದ ದೂರು ಇನ್ನೂ ನನ್ನ ಫೋನಿನಲ್ಲೇ ಇದೆ. ಕಳಿಸಲು ಮರೆತಿದ್ದೆ.