ಗಿಳಿಯ ಕೊಕ್ಕು

ಜೆರಾಕ್ಸ್ ಅಂಗಡಿ ಅಕ್ಕನ ಎಡಗೈ ಕಿರುಬೆರಳು ಸದಾ ಒಳಕ್ಕೆ ಮಡಚಿಕೊಂಡೇ ಇರುತ್ತಿತ್ತು. ಗಂಡ ಒಮ್ಮೆ ಅದರ ಮೇಲೆ ಅಂಗಡಿಯ ಶಟರ್ ಎಳೆದಿದ್ದನಂತೆ. 'ಕಾಗದ ಹಿಡಿಯೋಕೆ ನಾಲ್ಕು ಬೆರಳು ಸಾಕು ಕಣೋ' ಅಂತ ತಾವೇ ನಗುತ್ತಿದ್ದರು.

ಮತ್ತಿಕೆರೆಯಲ್ಲಿ, ನಮ್ಮ ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಚರ್ಚಾಸ್ಪರ್ಧೆಯ ಟಿಪ್ಪಣಿ ಹಿಡಿದು ನಾನು ದಿನಾ ಹೋಗುತ್ತಿದ್ದೆ. ಮಸಿ ಹರಡಿ ಹಾಳಾದ ಹಾಳೆಗಳ ಹಿಂಬದಿಯಲ್ಲಿ ಅಕ್ಕ ಕವಿತೆ ಬರೆಯುತ್ತಿದ್ದರು. ಎಲ್ಲವೂ ಅಜ್ಜಿಕಥೆಗಳೇ, ಆದರೆ ತಿರುಗಿಸಿ ಹೇಳಿದವು. ಮಲತಾಯಿ ಮಾತಾಡುತ್ತಿದ್ದಳು, ಬಾವಿ ಮಾತಾಡುತ್ತಿತ್ತು, ರಾಜಕುಮಾರ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವನು ಇಷ್ಟು ಕಾಲ ಮಾತಾಡಿದ್ದು ಸಾಕು ಎನ್ನುತ್ತಿದ್ದರು.

ಒಂದು ಕವಿತೆ ಗಿಳಿಯದು. ಏಳು ಸಮುದ್ರದಾಚೆ ಪಂಜರದ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುವ ಕಥೆ ಎಲ್ಲರಿಗೂ ಗೊತ್ತು. ರಾಜಕುಮಾರ ಗಿಳಿಯ ರೆಕ್ಕೆ ಕಿತ್ತರೆ ಅಲ್ಲಿ ರಾಕ್ಷಸನ ತೋಳು ಬೀಳುತ್ತದೆ, ಕಾಲು ಮುರಿದರೆ ಕಾಲು, ಕೊನೆಗೆ ಕತ್ತು. ಅಕ್ಕನ ಕವಿತೆಯಲ್ಲಿ ಗಿಳಿ ಕೇಳುತ್ತಿತ್ತು, ನಾನೇನು ಮಾಡಿದ್ದೆ ಅಂತ.

ನನಗೆ ಸುಮ್ಮನಿರಲು ಬರುವುದಿಲ್ಲ. ರಾಕ್ಷಸ ಊರನ್ನೇ ತಿನ್ನುತ್ತಿದ್ದ, ಒಂದು ಗಿಳಿ ಸತ್ತು ಊರು ಉಳಿದರೆ ತಪ್ಪೇನು ಅಂತ ವಾದ ಹೂಡಿದೆ. ಇದು ಕವಿತೆಯಲ್ಲ, ಬರೀ ಗೋಳು ಎಂದೆ. ಸಾಲದ್ದಕ್ಕೆ ಕೇಳಿದೆ: 'ಗಿಳಿಗೆ ಕೊಕ್ಕಿಲ್ವಾ ಅಕ್ಕ? ಯಾಕೆ ಕಚ್ಚಲ್ಲ?'

ಅಕ್ಕ ಹಾಳೆ ಮಡಚಿದರು. 'ಕಚ್ಚಿದ್ಮೇಲೆ ಮತ್ತೆ ಅದೇ ಪಂಜರ ತಾನೆ? ನಿಂಗೆ ಗೆಲ್ಲೋದೊಂದೇ ಗೊತ್ತು ಕಣೋ.'

ಮುಂದಿನ ವಾರ, ಒಂದು ಮಧ್ಯಾಹ್ನ, ನಾನಿದ್ದಾಗಲೇ ಗಂಡ ಬಂದ. ಆ ಭಾನುವಾರದ ಕವಿಗೋಷ್ಠಿಯಲ್ಲಿ ಅಕ್ಕ ಕವಿತೆ ಓದಕೂಡದು, ಮನೆಯ ಮಾನ ಬೀದಿಗೆ ಬರುತ್ತದೆ ಅಂತ ಅವನ ಹಟ. ಅಕ್ಕ ಓದ್ತೀನಿ ಅಂದರು. ಅವನು ಅವರನ್ನು ಮುಟ್ಟಲೇ ಇಲ್ಲ. ಸ್ಕೂಲಿನಿಂದ ಬಂದು ಸ್ಟೂಲಿನ ಮೇಲೆ ಊಟಕ್ಕೆ ಕೂತಿದ್ದ ಮಗಳ ತೋಳು ಹಿಡಿದು ಹಿಂದಕ್ಕೆ ತಿರುಚಿದ. ಕಣ್ಣು ಅಕ್ಕನ ಮೇಲೇ ಇತ್ತು.

'ಈಗ ಹೇಳು, ಓದ್ತೀಯಾ?'

'ಇಲ್ಲ. ಓದಲ್ಲ. ಬಿಡು ಅವಳ್ನ.'

ಅವನು ಬಿಡಲಿಲ್ಲ. ಮೂಳೆ ಮುರಿದದ್ದು ಮಿಷಿನ್ನಿನ ಸದ್ದನ್ನೂ ಮೀರಿ ಕೇಳಿಸಿತು. ಆಗ ಆ ಹುಡುಗಿ ಅವನ ಮಣಿಕಟ್ಟಿಗೆ ಹಲ್ಲು ಹೂತಳು. ಅವನು ತಲೆಗೆ ಗುದ್ದಿದಷ್ಟೂ ಇನ್ನೂ ಗಟ್ಟಿಯಾಗಿ ಕಚ್ಚಿದಳು. ಗಲ್ಲದಿಂದ ಯೂನಿಫಾರ್ಮಿಗೆ ರಕ್ತ ಇಳಿಯಿತು. ಅಕ್ಕ ಶಟರ್ ಎಳೆಯುವ ಕಬ್ಬಿಣದ ಸಲಾಕೆ ತೆಗೆದು ಅವನ ಮಂಡಿಗೆ ಬೀಸಿದರು. ಎರಡನೇ ಏಟಿಗೆ ಬಿದ್ದ.

ನಾನು ಕೌಂಟರಿನ ಈಚೆ ಟಿಪ್ಪಣಿ ಹಿಡಿದು ನಿಂತೇ ಇದ್ದೆ.

ನನ್ನ ಬಾಯಿ ತೆರೆದದ್ದು ಪೊಲೀಸ್ ಸ್ಟೇಷನ್ನಿನಲ್ಲಿ. ಮೊದಲು ತೋಳು ಮುರಿಯಿತು, ಆಮೇಲೆ ಕಚ್ಚಿದಳು ಅಂತ ಮೂರು ಸಲ ಹೇಳಿ ಬರೆಸಿದೆ. ತಾಯಿ ಮಗಳು ಅಬ್ಬಿಗೆರೆಗೆ ಮನೆ ಬದಲಿಸಿದರು. ಅವನು ಮತ್ತೆ ಅವರ ಬಾಗಿಲಿಗೆ ಬರಲಿಲ್ಲ.

ಹೋದ ವರ್ಷ ಕಾಮಾಲೆಯಾಗಿ ಅಕ್ಕ ತೀರಿಕೊಂಡರು. ತಿಥಿಯ ದಿನ ಮಗಳು ಆ ಹಾಳೆ ತಂದುಕೊಟ್ಟಳು. 'ನಿಮ್ಗೇ ಕೊಡ್ಬೇಕು ಅಂದಿದ್ರು ಅಣ್ಣ.' ಕವಿತೆ ಬದಲಾಗಿತ್ತು. ಗಿಳಿ ಈಗ ರಾಜಕುಮಾರನ ಬೆರಳು ತುಂಡರಿಸಿ, ಒಂದೇ ರೆಕ್ಕೆಯಲ್ಲಿ, ಪಂಜರ ಬಿಟ್ಟು ಹೋಗುತ್ತದೆ. ಅದರ ಕೆಳಗೆ ಬೇರೆ ಪೆನ್ನಿನಲ್ಲಿ ಇನ್ನೆರಡು ಸಾಲು:

ಮರದ ಕೆಳಗೊಬ್ಬ ನಿಂತು ನೋಡುತ್ತಿದ್ದ,
ಒಳ್ಳೆಯ ಮಾತುಗಾರ.

ಇದು ಅನ್ಯಾಯ ಅಂತ ಸಾಧಿಸಲು ಒಂದು ವರ್ಷದಿಂದ ನೋಡುತ್ತಿದ್ದೇನೆ. ಆಗಿಲ್ಲ.